ಮೂರು ವರ್ಷ ಸೆಡಮ್ ಬೆಳೆಸಿದ ಮೇಲೆ: ಬರಕ್ಕೆ ಜಗ್ಗದ ಗಿಡ, ಮಳೆಗೆ ಕೊಳೆತ ಗಿಡ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಗೇಟಿನಿಂದ ಬಾಗಿಲಿಗೆ ಬರುವ ಹಾದಿಗೂ ಕಾಂಪೌಂಡ್ ಗೋಡೆಗೂ ನಡುವೆ 12 ಅಡಿ ಉದ್ದ, 6 ಅಡಿ ಅಗಲದ ಜಾಗ ಇದೆ. ಮೊದಲು ಅಲ್ಲಿ ಹುಲ್ಲುಹಾಸು ಇತ್ತು. ಬೇಸಿಗೆಯಲ್ಲಿ ಅದಕ್ಕೆ ದಿನಾ 15 ಲೀಟರಿನ ಮೂರು ಬಕೆಟ್ ನೀರು ಬೇಕಿತ್ತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವಾಗ ಕುಡಿಯುವ ಕಾವೇರಿ ನೀರನ್ನು ಹುಲ್ಲಿಗೆ ಸುರಿಯುವುದಕ್ಕೆ ಮನಸ್ಸು ಒಪ್ಪಲಿಲ್ಲ. ಹುಲ್ಲು ಕಿತ್ತು, 2022ರ ನವೆಂಬರ್‌ನಲ್ಲಿ ಸೆಡಮ್ ನೆಟ್ಟೆ. ಈಗ ಮೂರು ಬೇಸಿಗೆ, ಮೂರು ಮಳೆಗಾಲ ಕಳೆದಿವೆ. ನೆಟ್ಟ ಎರಡು ತಿಂಗಳಲ್ಲಿ ಎಲ್ಲರ ಸೆಡಮ್ಮೂ ಚೆನ್ನಾಗಿಯೇ ಕಾಣುತ್ತೆ. ಆಮೇಲೆ ಏನಾಗುತ್ತೆ ಅನ್ನೋದನ್ನ ಹೇಳೋಣ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸೆಡಮ್ ಅಂದರೆ ನೆಲಕ್ಕೆ ಅಂಟಿಕೊಂಡು ಹರಡುವ, ದಪ್ಪ ಎಲೆಯ ಪುಟ್ಟ ಗಿಡ. ನಮ್ಮ ಅತ್ತೆ ಮೊದಲ ದಿನ ನೋಡಿ, "ಏನಮ್ಮಾ, ದುಡ್ಡು ಕೊಟ್ಟು ಗೋಣಿಸೊಪ್ಪು ತಂದಿದ್ದೀಯಾ?" ಅಂದರು. ನೋಡೋಕೆ ಹಾಗೇ ಇದೆ, ನಿಜ. ಆದರೆ ಇದು ಗೋಣಿಸೊಪ್ಪಿನ ಜಾತಿಯಲ್ಲ, ಟೇಬಲ್ ರೋಸ್ ಜಾತಿಯೂ ಅಲ್ಲ. ನಮ್ಮ ಹಿತ್ತಲಲ್ಲಿ ಎಲೆಯಂಚಿನಿಂದಲೇ ಮರಿ ಹುಟ್ಟಿಸುವ ಕಾಡುಬಸಳೆ ಇದೆಯಲ್ಲ, ಅದರ ಕುಟುಂಬದ್ದು.

ಈ ಕುಟುಂಬದ ಗಿಡಗಳು ನೀರಿಲ್ಲದೆ ಹೇಗೆ ಬದುಕುತ್ತವೆ ಅನ್ನೋದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಬೇರೆ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಇವು ಬಿಸಿಲಿನಲ್ಲಿ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತವೆ. ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಎಲೆಯಲ್ಲೇ ಕೂಡಿಟ್ಟು, ಮಾರನೇ ದಿನ ಬಿಸಿಲು ಬಂದಾಗ ಖರ್ಚು ಮಾಡುತ್ತವೆ. ಇದರ ಸುಳಿವು ಮೊದಲು ಸಿಕ್ಕವರಲ್ಲಿ ಒಬ್ಬ ನಮ್ಮ ಸೀಮೆಯಲ್ಲೇ ಓಡಾಡಿದವನು. 1800ರ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ. ಕಾಡುಬಸಳೆ ಎಲೆ ಬೆಳಗ್ಗೆ ಹುಳಿ ಇರುತ್ತೆ, ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುತ್ತೆ ಅಂತ ಅವನು ಬರೆದದ್ದು 1815ರಲ್ಲಿ ಅಚ್ಚಾಯಿತು. ರಾತ್ರಿ ತಂಪಾಗುವ ಊರು ಇಂಥ ಗಿಡಕ್ಕೆ ಒಗ್ಗುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನ ಹಗಲು 35 ಡಿಗ್ರಿ ಆಸುಪಾಸು ಹೋದರೂ ರಾತ್ರಿ ಗಾಳಿ ತಂಪಾಗೇ ಬೀಸುತ್ತೆ ಅಲ್ವಾ.

ಈಗ ತಂದ ಗಿಡಗಳ ವಿಷಯ. ನಾಲ್ಕು ಜಾತಿ ತಂದಿದ್ದೆ. ಮೊದಲನೆಯದು ಮೆಕ್ಸಿಕಾನಮ್: ಎಳೆ ಹಸಿರು, ಹಳದಿ ಬಣ್ಣದ ನಕ್ಷತ್ರದಂಥ ಹೂವು. ಎರಡನೆಯದು ಲಿನಿಯರೆ: ಸಣ್ಣ ಉದ್ದನೆ ಎಲೆ, ಅಂಚಿಗೆ ಬಿಳಿ ಗೀರು. ಮೂರನೆಯದು ಜೆಲ್ಲಿ ಬೀನ್ ಅಂತ ಮಾರುವ ರುಬ್ರೊಟಿಂಕ್ಟಮ್: ಕಾಳಿನಂಥ ಎಲೆ, ಬಿಸಿಲು ಬಿದ್ದಷ್ಟೂ ಕೆಂಪು. ಈ ಮೂರನ್ನೂ ಊರಿನ ನರ್ಸರಿಯಲ್ಲೇ ಒಂದಕ್ಕೆ 25 ರೂಪಾಯಿ ಕೊಟ್ಟು ತಂದೆ, ಒಟ್ಟು 40 ಗಿಡ. ನಾಲ್ಕನೆಯದು ಆನ್‌ಲೈನ್‌ನಲ್ಲಿ ತರಿಸಿದ ಏಂಜಲೀನಾ. ಫೋಟೊದಲ್ಲಿ ಚಿನ್ನದ ಬಣ್ಣ. ಅದು ಯುರೋಪಿನ ಜಾತಿ, ಹಿಮ ಬೀಳುವ ಚಳಿ ತಡೆಯುತ್ತೆ, ನಮ್ಮ ಬಿಸಿ ತಡೆಯಲಿಲ್ಲ. ಆರು ಗಿಡ ತರಿಸಿದ್ದೆ, ಮೊದಲ ಮೇ ತಿಂಗಳಿಗೆ ಒಂದೂ ಉಳಿಯಲಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ. ಚಳಿ ದೇಶದವರು ಹೊಗಳುವ ಸೆಡಮ್ ಎಲ್ಲವೂ ನಮಗೆ ಆಗಿಬರುವುದಿಲ್ಲ.

2023 ನನ್ನನ್ನು ತಪ್ಪು ದಾರಿಗೆ ಎಳೆದ ವರ್ಷ. ಆ ವರ್ಷದ ಮಳೆ ನಿಮಗೂ ನೆನಪಿರುತ್ತೆ. ಕೆಆರ್‌ಎಸ್ ಕಟ್ಟೆ ಪೂರ್ತಿ ತುಂಬುವ 124.80 ಅಡಿ ಮಟ್ಟ ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಬೀದಿಯ ಹುಲ್ಲುಹಾಸುಗಳೆಲ್ಲ ಬೈಹುಲ್ಲಾಗಿದ್ದಾಗ ನಮ್ಮ ಸೆಡಮ್ ಮಾತ್ರ ಚಾಪೆ ಹಾಸಿದ ಹಾಗೆ ಹಬ್ಬಿತು. ಆರು ದಿನಕ್ಕೊಮ್ಮೆ ಎರಡು ಬಕೆಟ್ ನೀರು, ಅಷ್ಟೇ. ಲೆಕ್ಕ ಹಾಕಿದರೆ ಹುಲ್ಲಿಗೆ ತಿಂಗಳಿಗೆ 1,350 ಲೀಟರ್ ಹೋಗುತ್ತಿದ್ದ ಕಡೆ ಇದಕ್ಕೆ 150 ಲೀಟರ್. ಅದರಲ್ಲೂ ಅರ್ಧ ಅಕ್ಕಿ, ತರಕಾರಿ ತೊಳೆದ ನೀರು. ಬಂದವರೆಲ್ಲ ಗೇಟಿನ ಹತ್ತಿರ ನಿಂತು ಕೇಳೋರು. ನಾನೂ ಎಲ್ಲರಿಗೂ ತುಂಡು ಮುರಿದು ಕೊಟ್ಟೆ. ಸುಮ್ನೆ ಮಣ್ಣಿಗೆ ಚುಚ್ಚಿ, ಬರುತ್ತೆ ಅಂದೆ. ಆ ಮಾತು ಅರ್ಧ ಮಾತ್ರ ಸರಿ ಅಂತ ಆಮೇಲೆ ತಿಳಿಯಿತು.

2024ರಲ್ಲಿ ಮಳೆ ಬಂತು. ಜುಲೈನಲ್ಲಿ ಕಟ್ಟೆ ತುಂಬಿತು, ಊರಿಗೆಲ್ಲ ಸಂತೋಷ. ಮಳೆ ಆಗಾಗ ಬಿಡುವು ಕೊಡುತ್ತಿದ್ದರಿಂದ ಅಲ್ಲೀವರೆಗೂ ಗಿಡ ತಡೆದುಕೊಂಡಿತ್ತು. ಅಕ್ಟೋಬರ್‌ನಲ್ಲಿ, ದಸರಾ ಮುಗಿದ ವಾರ, ಬಿಡದೆ ಸುರಿಯಿತು. ಐದನೇ ದಿನ ಬೆಳಗ್ಗೆ ನೋಡಿದರೆ ಗೋಡೆ ಪಕ್ಕದ ಗಿಡಗಳ ಬಣ್ಣ ಬೇರೆಯಾಗಿತ್ತು. ಮೇಲಿನ ಎಲೆ ಹಸಿರಾಗೇ ಇತ್ತು. ಕೆಳಗಿನವು ಗಾಜಿನ ಹಾಗೆ ಪಾರದರ್ಶಕ ಆಗಿದ್ದವು, ಮುಟ್ಟಿದರೆ ಬೆರಳಲ್ಲಿ ನೀರಾಗಿ ಒಡೆಯುತ್ತಿದ್ದವು. ಒಂದು ಗಿಡ ಮೆಲ್ಲಗೆ ಎತ್ತಿದೆ. ಬೇರು ಹಿಡಿಯಲೇ ಇಲ್ಲ, ಇಡೀ ಹಿಡಿ ಕೈಗೆ ಬಂತು. ಕಾಂಡ ಬುಡದಲ್ಲಿ ಕಪ್ಪಗೆ, ನೆನೆದ ದಾರದ ಹಾಗೆ. ಹಳಸಿದ ಅನ್ನದ ವಾಸನೆ. ಎರಡೇ ವಾರದಲ್ಲಿ ಅರ್ಧ ಪಾತಿ ಹೋಯಿತು. ನನಗೆ ಅಳು ಬರುವಷ್ಟು ಬೇಜಾರಾಯಿತು.

ಕಾರಣ ಮಣ್ಣು. ಹುಲ್ಲು ಕಿತ್ತ ಮೇಲೆ ಇದ್ದ ಕೆಮ್ಮಣ್ಣಿನಲ್ಲೇ ನೆಟ್ಟಿದ್ದೆ. ಮೇಲೆ ನೋಡೋಕೆ ಸಡಿಲ, ಕೆಳಗೆ ಅರ್ಧ ಅಡಿ ಆಳದಲ್ಲಿ, ಮನೆ ಕಟ್ಟಿದಾಗ ತುಳಿದು ಗಟ್ಟಿಯಾದ ಪದರ. ನೀರು ಅಲ್ಲೇ ನಿಂತಿತ್ತು. ಇನ್ನೊಂದು, ನರ್ಸರಿಯಿಂದ ಬಂದ ಗಿಡದ ಬುಡದಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಇರುತ್ತೆ. ಅದನ್ನು ಬಿಡಿಸದೆ ಹಾಗೇ ನೆಟ್ಟಿದ್ದೆ. ಅದು ಒದ್ದೆ ಸ್ಪಂಜಿನ ಹಾಗೆ ಬೇರಿನ ಸುತ್ತ ನೀರು ಹಿಡಿದಿಟ್ಟುಕೊಂಡಿತ್ತು.

ಬದುಕಿದ್ದ ತುದಿಗಳನ್ನು ಎರಡೆರಡು ಇಂಚು ಕತ್ತರಿಸಿ, ನೆರಳಿನಲ್ಲಿ ಹಳೇ ಪೇಪರ್ ಮೇಲೆ ಮೂರು ದಿನ ಹರವಿದೆ. ಕತ್ತರಿಸಿದ ಜಾಗ ಒಣಗಿ ಮುಚ್ಚಿಕೊಳ್ಳಬೇಕು. ಹಸಿಯಾಗಿ ನೆಟ್ಟರೆ ಮತ್ತೆ ಕೊಳೆಯುತ್ತೆ. ಅಷ್ಟರಲ್ಲಿ ಪಾತಿಯನ್ನೇ ಹೊಸದಾಗಿ ಮಾಡಿದೆವು. ಗಟ್ಟಿ ಪದರವನ್ನು ಪಿಕಾಸಿಯಿಂದ ಒಡೆಸಿ, ಅದರ ಮೇಲೆ ಇಟ್ಟಿಗೆ ಚೂರು ಹರಡಿ, ಪಾತಿಯನ್ನು ಹಾದಿಗಿಂತ ನಾಲ್ಕು ಇಂಚು ಎತ್ತರಿಸಿದೆವು. ಮಣ್ಣಿನ ಲೆಕ್ಕ ಹೀಗೆ: ಎರಡು ಬಾಂಡ್ಲಿ ಕೆಮ್ಮಣ್ಣು, ಎರಡು ಬಾಂಡ್ಲಿ ದಪ್ಪ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು), ಒಂದು ಬಾಂಡ್ಲಿ ಬೇಬಿ ಜಲ್ಲಿ, ಅಂದರೆ ಸಣ್ಣ ಜಲ್ಲಿಕಲ್ಲು. ಎಂ-ಸ್ಯಾಂಡ್ ಹಾಗೇ ಹಾಕಬೇಡಿ. ಅದರಲ್ಲಿರುವ ಕಲ್ಲುಪುಡಿ ನೀರು ಬಿದ್ದ ಮೇಲೆ ಸಿಮೆಂಟಿನ ಹಾಗೆ ಕೂರುತ್ತೆ. ಜರಡಿ ಹಿಡಿದು, ಒಮ್ಮೆ ತೊಳೆದು ಹಾಕಿ. ಪಾತಿ ಹಾದಿಯ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಕೂಲಿ, ಸಾಮಾನು ಸೇರಿ 2,600 ರೂಪಾಯಿ ಆಯಿತು. ನರ್ಸರಿ ಗಿಡಗಳಿಗೆ ಕೊಟ್ಟ ದುಡ್ಡಿನ ಎರಡೂವರೆ ಪಟ್ಟಿಗೂ ಜಾಸ್ತಿ. ಮೊದಲೇ ಮಾಡಿದ್ದರೆ ಗಿಡಗಳು ಉಳಿಯುತ್ತಿದ್ದವು.

2025ರಲ್ಲಿ ಮಳೆ ಬೇಗ ಬಂತು, ಕಟ್ಟೆ ಜೂನ್‌ನಲ್ಲೇ ತುಂಬಿತು. ನಾನು ದಿನಾ ಬೆಳಗ್ಗೆ ಮೊದಲು ಗೋಡೆ ಪಕ್ಕವೇ ಹೋಗಿ ನೋಡುತ್ತಿದ್ದೆ. ಈ ಸಲ ಕೊಳೆತದ್ದು ಒಂದೇ ಕಡೆ, ಸಜ್ಜಾದ ನೀರು ಧಾರೆಯಾಗಿ ಬೀಳುವ ಒಂದು ಮೊಳದ ಜಾಗದಲ್ಲಿ. ಉಳಿದದ್ದೆಲ್ಲ ನಿಂತಿತು. ಆ ಸಜ್ಜಾ ಕೆಳಗೆ ಇನ್ನು ಗಿಡ ಇಡುವುದಿಲ್ಲ, ಉರುಟು ಕಲ್ಲು ಹಾಕಿಬಿಟ್ಟಿದ್ದೇನೆ.

ಮಂಡ್ಯದಲ್ಲಿರುವ ನಮ್ಮಕ್ಕನಿಗೂ 2023ರಲ್ಲಿ ಒಂದು ಬುಟ್ಟಿ ತುಂಡು ಕೊಟ್ಟಿದ್ದೆ. ಅವಳ ಹಿತ್ತಲು ನಾಲೆಯ ಪಕ್ಕದಲ್ಲೇ ಇದೆ. ನಾಲೆಯಲ್ಲಿ ನೀರು ಬಿಟ್ಟರೆ ಸಾಕು, ಮಳೆಯಿಲ್ಲದಿದ್ದರೂ ಆ ಮಣ್ಣು ತೇವವಾಗೇ ಇರುತ್ತೆ. ಮೂರು ಸಲ ನೆಟ್ಟಳು, ಮೂರು ಸಲವೂ ಹೋಯಿತು. "ನಮ್ಮ ಮಣ್ಣಿಗೆ ಇದು ಒಗ್ಗಲ್ಲ ಕಣೇ, ಬಿಟ್ಟಾಕು" ಅಂದಳು. ಈಗ ತಾರಸಿ ಮೇಲೆ, ತಳ ತೂತು ಮಾಡಿದ ಅಗಲ ಟ್ರೇಗಳಲ್ಲಿ ಬೆಳೆಸಿದ್ದಾಳೆ. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಅವಳದೇ ಚೆನ್ನಾಗಿದೆ. ಗದ್ದೆ ಬಯಲಿನ ಕಡೆ ಇರುವವರು ನೆಲದ ಆಸೆ ಬಿಟ್ಟು ಹೀಗೇ ಮಾಡಿ.

ಹುಳದ ಕಾಟ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಸಂದಿಯಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಕೂರುತ್ತೆ. ಇರುವೆ ಸಾಲು ಗಿಡದ ಕಡೆ ಹೋಗುತ್ತಿದ್ದರೆ ಬಗ್ಗಿ ನೋಡಿ, ತಿಗಣೆ ಇದ್ದೇ ಇರುತ್ತೆ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಹೊಡೆಯುತ್ತೇನೆ. ಸಂಜೆ ಮಾತ್ರ. ಒಮ್ಮೆ ಬೆಳಗ್ಗೆ ಹೊಡೆದು ಬಿಸಿಲಿಗೆ ಎಲೆಯೆಲ್ಲ ಸುಟ್ಟ ಕಲೆಯಾಯಿತು. ಮಳೆಗಾಲದ ರಾತ್ರಿ ಬಸವನಹುಳು ಬರುತ್ತೆ, ಟಾರ್ಚ್ ಹಿಡಿದು ಆರಿಸೋದೇ ದಾರಿ. ಉಪ್ಪು ಹಾಕಬೇಡಿ, ಮಣ್ಣು ಕೆಡುತ್ತೆ.

ಕಳೆಯ ವಿಷಯದಲ್ಲಿ ಸೆಡಮ್ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ. ಒತ್ತಾಗಿ ಹಬ್ಬಿದ ಕಡೆ ಸಣ್ಣ ಕಳೆ ಏಳುವುದಿಲ್ಲ, ಅದು ನಿಜ. ಆದರೆ ಗರಿಕೆ ಮತ್ತು ಕೊನ್ನಾರಿ ಅದನ್ನು ತೂರಿಕೊಂಡು ಬರುತ್ತವೆ. ಕೊನ್ನಾರಿ ಕಿತ್ತರೆ ಗೆಡ್ಡೆ ಒಳಗೇ ಉಳಿಯುತ್ತೆ, ಗೆಡ್ಡೆ ತೆಗೆಯೋಕೆ ಹೋದರೆ ಸೆಡಮ್ ಬೇರು ಏಳುತ್ತೆ. ನೆಡುವ ಮೊದಲು ಒಂದು ತಿಂಗಳು ಪಾತಿಗೆ ನೀರು ಹಾಕಿ, ಎದ್ದ ಕೊನ್ನಾರಿಯನ್ನೆಲ್ಲ ಗೆಡ್ಡೆ ಸಮೇತ ಅಗೆದು ತೆಗೆಯಿರಿ. ಇದಕ್ಕೆ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಇದರ ಮೇಲೆ ನಡೆದಾಡೋಕೆ ಆಗಲ್ಲ ಅನ್ನೋದನ್ನೂ ತಿಳಿದುಕೊಳ್ಳಿ. ಹುಲ್ಲು ತುಳಿದರೆ ಮತ್ತೆ ಏಳುತ್ತೆ, ಇದರ ಎಲೆ ಪಟಪಟ ಒಡೆಯುತ್ತೆ. ಮಕ್ಕಳು ಆಡುವ ಜಾಗಕ್ಕೆ ಇದು ಬೇಡ. ಕಾಲಿಡಲೇಬೇಕು ಅಂದರೆ ನಡುವೆ ಒಂದೊಂದು ಕಲ್ಲು ಚಪ್ಪಡಿ ಹಾಕಿಕೊಳ್ಳಿ. ಪಶ್ಚಿಮದ ಬಿಸಿಲು ಹೊಡೆಯುವ ಗೋಡೆ ಬುಡದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಎಲೆ ಸೀದ ಹಾಗಾಗುತ್ತೆ. ಆಗ ಹಸಿರು ಬಲೆ ಕಟ್ಟುತ್ತೇನೆ. ಗೊಬ್ಬರ ವರ್ಷಕ್ಕೊಮ್ಮೆ ಒಂದು ಬೊಗಸೆ ಹಳೇ ಕೊಟ್ಟಿಗೆ ಗೊಬ್ಬರ, ಅಷ್ಟೇ ಸಾಕು. ಜಾಸ್ತಿ ಹಾಕಿದರೆ ಕಾಂಡ ಉದ್ದವಾಗಿ ಬಾಗುತ್ತೆ, ನಡುವೆ ಬೋಳಾಗುತ್ತೆ.

ಮತ್ತೆ ನೆಡುತ್ತೀರಾ ಅಂದರೆ, ಹೌದು, ನೆಡುತ್ತೇನೆ. ಲಿನಿಯರೆ ಮೊದಲು, ಅದು ಮಳೆ ಬಿಸಿಲು ಎರಡಕ್ಕೂ ಹೆಚ್ಚು ತಡೆದಿದೆ. ಮೆಕ್ಸಿಕಾನಮ್ ಎರಡನೆಯದು. ಜೆಲ್ಲಿ ಬೀನ್ ಕುಂಡಕ್ಕೆ ಚೆಂದ, ನೆಲಕ್ಕೆ ಬೇಡ, ಒಂದು ಬೆಕ್ಕು ಹಾದುಹೋದರೂ ಕಾಳೆಲ್ಲ ಉದುರುತ್ತೆ. ನೆಡುವುದಾದರೆ ಮಳೆ ನಿಂತ ಮೇಲೆ, ನವೆಂಬರ್ ಕೊನೆಯಲ್ಲಿ ನೆಡಿ. ಮುಂದಿನ ಮಳೆಗೆ ಆರು ತಿಂಗಳು ಬೇರು ಬಿಡುವ ಸಮಯ ಸಿಗುತ್ತೆ.

ಅತ್ತೆ ಈಗ ಅದನ್ನು ಗೋಣಿಸೊಪ್ಪು ಅನ್ನುವುದಿಲ್ಲ. ಬೆಳಗ್ಗೆ ರಂಗೋಲಿ ಹಾಕಿ ಬಂದ ಮೇಲೆ ಪಾತಿ ಪಕ್ಕ ಕೂರುತ್ತಾರೆ, ಎಲ್ಲಿ ಬೋಳಾಗಿದೆ ನೋಡಿ ಒತ್ತಾದ ಕಡೆಯಿಂದ ಒಂದು ತುಂಡು ಮುರಿಯುತ್ತಾರೆ. ತಕ್ಷಣ ನೆಡುವುದಿಲ್ಲ. ಮೂರು ದಿನ ಕಿಟಕಿಯ ಕಟ್ಟೆ ಮೇಲೆ ಒಣಗಲು ಇಡುತ್ತಾರೆ. ಇವತ್ತು ಅಲ್ಲಿ ಹನ್ನೊಂದು ತುಂಡು ಸಾಲಾಗಿ ಮಲಗಿವೆ.