ಕೂಸಿನ ಪಾಸ್‌ಪೋರ್ಟ್ ಫೋಟೋ: ಸ್ಟುಡಿಯೋ ವಾಸಿಯೋ, ಮನೆಯ ನೆಲ ವಾಸಿಯೋ?

ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಅಂದರೆ ಎಲ್ಲರಿಗೂ ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಸಹಿ ಇವುಗಳದ್ದೇ ಚಿಂತೆ. ಅವನ್ನು ಕೂತು ಹೊಂದಿಸಬಹುದು. ನಮಗೆ ಕಷ್ಟವಾಗಿದ್ದು ಫೋಟೋ. ಮಗಳಿಗೆ ಎರಡೂವರೆ ವರ್ಷ, ಮಗನಿಗೆ ನಾಲ್ಕು ತಿಂಗಳು. ಸ್ಟುಡಿಯೋ, ಮನೆಯ ನೆಲ, ಕಾರಿನ ಬೇಬಿ ಸೀಟು ಮೂರನ್ನೂ ಪ್ರಯತ್ನಿಸಿ ನೋಡಿದೆವು.

ಎಂಥ ಫೋಟೋ ಬೇಕು ಅನ್ನುವುದನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಾಖಲೆಯೇ ಇದಕ್ಕೆ ಆಧಾರ. ಮುಖ ನೇರವಾಗಿರಬೇಕು, ಬಾಯಿ ಮುಚ್ಚಿರಬೇಕು, ನೆರಳು ಬೀಳಬಾರದು. ಅಳತೆ ಮಾತ್ರ ಬೇರೆ ಬೇರೆ: ಬಹಳ ದೇಶಗಳಲ್ಲಿ 35×45 ಮಿ.ಮೀ., ಅಮೆರಿಕದಲ್ಲಿ 51×51. ಕೂಸುಗಳಿಗೆ ಕೆಲವು ದೇಶಗಳು ವಿನಾಯಿತಿ ಕೊಡುತ್ತವೆ. ಬ್ರಿಟನ್ನಿನಲ್ಲಿ 1 ವರ್ಷದೊಳಗಿನ ಮಗುವಿನ ಕಣ್ಣು ತೆರೆದಿರಲೇಬೇಕು ಅಂತಿಲ್ಲ. ನಿಮ್ಮ ದೇಶದ ನಿಯಮ ಓದಿಯೇ ಕ್ಯಾಮೆರಾ ಹಿಡಿಯಿರಿ.

ಮಗನ ವಿಷಯದಲ್ಲಿ ಮನೆಯ ನೆಲವೇ ಗೆದ್ದಿತು. ಕುತ್ತಿಗೆ ನಿಲ್ಲದ ಕೂಸಿಗೆ ಮಲಗುವುದೇ ಸಹಜ, ಅಲ್ವಾ? ಬಿಳಿ ಬೆಡ್‌ಶೀಟನ್ನು ಇಸ್ತ್ರಿ ಮಾಡಿ ಕಿಟಕಿಯ ಹತ್ತಿರ ಹಾಸಿದೆವು. ಸುಕ್ಕಿದ್ದರೆ ಒಂದೊಂದು ಸುಕ್ಕೂ ಫೋಟೋದಲ್ಲಿ ಗೆರೆಯಾಗಿ ಕಾಣುತ್ತದೆ. ಮಗುವಿನ ತಲೆ ಕಿಟಕಿಯ ಕಡೆಗಿರಲಿ. ಆಗ ಎರಡೂ ಕೆನ್ನೆಗೆ ಬೆಳಕು ಸಮನಾಗಿ ಬೀಳುತ್ತದೆ. ಪಕ್ಕದಿಂದ ಬೆಳಕು ಬಂದರೆ ಅರ್ಧ ಮುಖ ಕಪ್ಪು. ಫೋಟೋ ತೆಗೆಯುವವರು ಕಾಲಿನ ಕಡೆ ನಿಂತು ಬಾಗಿದರೆ ಅವರ ನೆರಳೂ ಮಗುವಿನ ಮೇಲೆ ಬೀಳುವುದಿಲ್ಲ. ಫೋನನ್ನು ತೀರಾ ಹತ್ತಿರ ಹಿಡಿದರೆ ಮೂಗು ದಪ್ಪಗೆ, ಕಿವಿ ಚಿಕ್ಕದಾಗಿ ಬರುತ್ತದೆ. ಸ್ವಲ್ಪ ಎತ್ತರದಿಂದ ಹಿಡಿದು ಝೂಮ್ ಮಾಡಿ. ಫ್ಲ್ಯಾಶ್, ಬ್ಯೂಟಿ ಫಿಲ್ಟರ್, ಪೋರ್ಟ್ರೇಟ್ ಮೋಡ್ ಎಲ್ಲವನ್ನೂ ಆಫ್ ಮಾಡಿ. ಹಿನ್ನೆಲೆ ಮಸುಕಾಗಿಸುವ ಮೋಡ್ ಮಗುವಿನ ತೆಳು ಕೂದಲನ್ನೂ ಕಿವಿಯ ಅಂಚನ್ನೂ ತಿಂದುಹಾಕುತ್ತದೆ. ಬಟ್ಟೆ ಬಿಳಿ ಬೇಡ, ಹಾಸಿಗೆಯ ಜೊತೆ ಸೇರಿಹೋಗಿ ಬರೀ ತಲೆ ಕಾಣುತ್ತದೆ.

ಮನೆಯ ದೊಡ್ಡ ಅನುಕೂಲವೆಂದರೆ ಕಾಯಬಹುದು. ಮಗು ಹಾಲು ಕುಡಿದು, ನಿದ್ದೆ ಮುಗಿಸಿ, ಖುಷಿಯಾಗಿ ಕಣ್ಣು ಬಿಡುವ ಹೊತ್ತು ನಮ್ಮ ಕೈಯಲ್ಲಿಲ್ಲ. ಆ ಹೊತ್ತಿಗೆ ಫೋನ್ ಸಿದ್ಧವಾಗಿರಬೇಕು ಅಷ್ಟೇ. ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೋ ತೆಗೆದರೆ ಅದರಲ್ಲಿ ಒಂದಾದರೂ ಬಾಯಿ ಮುಚ್ಚಿದ್ದು ಸಿಗುತ್ತದೆ.

ಬೇಬಿ ಸೀಟಿನ ಮೇಲೆ ಬಿಳಿ ಬಟ್ಟೆ ಹೊದಿಸಿ ತೆಗೆಯಿರಿ ಅಂತ ಅಮೆರಿಕದ ಪಾಸ್‌ಪೋರ್ಟ್ ಇಲಾಖೆಯೂ ಸಲಹೆ ಕೊಡುತ್ತದೆ. ನಮಗೆ ಒಗ್ಗಲಿಲ್ಲ. ಮಗನ ಗಲ್ಲ ಎದೆಗೆ ಬಾಗುತ್ತಿತ್ತು, ಸೀಟಿನ ಅಂಚಿನಿಂದ ಕಿವಿಯ ಹಿಂದೆ ನೆರಳು ಬೀಳುತ್ತಿತ್ತು. ಕತ್ತು ಗಟ್ಟಿಯಾದ ಮೇಲೆ ನೋಡಬಹುದು.

ಸ್ಟುಡಿಯೋದಲ್ಲಿ ಅವನನ್ನು ನಾನೇ ಎತ್ತಿ ಹಿಡಿಯಬೇಕಾಯಿತು. ಎಷ್ಟು ಅಡಗಿದರೂ ನನ್ನ ಬೆರಳು ಫೋಟೋದಲ್ಲಿ ಬಂತು. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇವೆ ಅಂದರು. ಜೊತೆಗೆ ಕೇಳದೆಯೇ ಕೆನ್ನೆ ನುಣುಪು ಮಾಡಿ, ಬಣ್ಣ ತಿಳಿ ಮಾಡಿದ್ದರು. ನನಗೆ ಸಿಟ್ಟು ಬಂತು. ತಿದ್ದಿದ ಫೋಟೋ ಪಾಸ್‌ಪೋರ್ಟಿಗೆ ನಡೆಯುವುದಿಲ್ಲ. ಅದಕ್ಕಿಂತ ಜಾಸ್ತಿ, ನಾಲ್ಕು ತಿಂಗಳ ಕೂಸಿನ ಮುಖದಲ್ಲಿ ತಿದ್ದುವಂಥದ್ದು ಏನಿದೆ?

ಆದರೆ ಮಗಳಿಗೆ ಅದೇ ಸ್ಟುಡಿಯೋನೇ ಸರಿಹೋಯಿತು. ಮನೆಯಲ್ಲಿ ಅವಳು ಒಂದು ಕಡೆ ನಿಲ್ಲುವವಳಲ್ಲ. ಫೋನ್ ಕಂಡರೆ ಸಾಕು, ಕಿತ್ತುಕೊಳ್ಳಲು ಓಡಿ ಬರುತ್ತಾಳೆ. ಅಲ್ಲಿ ಎತ್ತರದ ಸ್ಟೂಲು, ಹೊಸ ಜಾಗ, ಎರಡು ಕಡೆ ದೀಪ. ಬೆರಗಿನಿಂದ ಸುಮ್ನೆ ಕೂತಳು. ಕ್ಯಾಮೆರಾದ ಹಿಂದೆ ನಿಂತು ಅವಳ ಅಪ್ಪ ಮೆಲ್ಲಗೆ ಹೆಸರು ಕೂಗಿದರು, ನೇರವಾಗಿ ನೋಡಿದಳು. ನಗಿಸಲು ಹೋಗಬೇಡಿ, ಹಲ್ಲು ಕಂಡರೆ ಮತ್ತೆ ತೆಗೆಸಬೇಕು.

ಕೊನೆಗೆ ಮಗನ ಫೋಟೋವನ್ನೂ ಅಲ್ಲೇ ಪ್ರಿಂಟ್ ಹಾಕಿಸಿದೆವು. ಬಣ್ಣ ಮುಟ್ಟಬೇಡಿ, ಅಳತೆಗೆ ಕತ್ತರಿಸಿದರೆ ಸಾಕು ಅಂತ ಮೊದಲೇ ಹೇಳಿಬಿಟ್ಟೆ.