ಮಟ್ ಜೊತೆ ಆರು ಮಳೆಗಾಲ

ಮಟ್ ಎಂಬ ಈ ಇಮೇಲ್ ತಂತ್ರಾಂಶವನ್ನು ಬಳಸತೊಡಗಿ ಇದು ಆರನೆಯ ಮಳೆಗಾಲ. ಮೊದಲ ವಾರ ಸಿಟ್ಟೇ ಬಂದಿತ್ತು. ಗುಂಡಿಗಳಿಲ್ಲ, ಮೌಸ್‌ಗೆ ಕೆಲಸವಿಲ್ಲ, ಎಲ್ಲವನ್ನೂ ಒಂದು ಕಡತದಲ್ಲಿ ಕೈಯಾರೆ ಬರೆದುಕೊಳ್ಳಬೇಕು. ಅದಕ್ಕೇ ಎರಡು ಭಾನುವಾರ ಹೋದವು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವ ಹಂಬಲ ಇಲ್ಲದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅಲ್ಲಿ ಪ್ಯಾಚ್ ಹೋಗುವುದೂ ವಿಮರ್ಶೆ ಬರುವುದೂ ಇಂದಿಗೂ ಸಾದಾ ಪಠ್ಯದ ಇಮೇಲ್‌ನಲ್ಲೇ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ. ಪುನರ್ವಸು ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ಟವರ್ ಕೂಡ. ಹಾಗಾಗಿ ಬೆಳಿಗ್ಗೆ ಸಿಗ್ನಲ್ ಇರುವಾಗಲೇ ಎಂಬಿಸಿಂಕ್ ಎಂಬ ತಂತ್ರಾಂಶ ಓಡಿಸಿ ಪತ್ರಗಳನ್ನೆಲ್ಲ ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುತ್ತೇನೆ. ಆಮೇಲೆ ಜಗುಲಿಯ ಮೂಲೆ, ಒಂದು ಲೋಟ ಕಷಾಯ, ಹಂಚಿನ ಮೇಲೆ ಮಳೆ. ದೊಡ್ಡಕ್ಷರದ ಟಿ ಒತ್ತಿದರೆ ಉಲ್ಲೇಖಿಸಿದ ಹಳೆಯ ಸಾಲುಗಳು ಮರೆಯಾಗಿ ಹೊಸ ಮಾತಷ್ಟೇ ಉಳಿಯುತ್ತದೆ. ಮತ್ತೆ ಒತ್ತಿದರೆ ಹಿಂದಿನ ಸಂದರ್ಭವೂ ಮರಳುತ್ತದೆ. ಇಷ್ಟು ಚಿಕ್ಕ ಸೌಲಭ್ಯ ಇಷ್ಟು ಹಿತವಾಗಬಹುದೆಂದು ನಾನು ಎಣಿಸಿರಲಿಲ್ಲ. ಬರೆದ ಉತ್ತರಗಳು ಸರದಿಯಲ್ಲಿ ಕಾದಿದ್ದು ಸಂಜೆ ಟವರ್ ಬಂದಾಗ ಹೊರಡುತ್ತವೆ.

ಹೋದ ವರ್ಷ ನಾನೂರು ಸಾಲಿನ ಪ್ಯಾಚ್ ಒಂದನ್ನು ಕಳಿಸಿದ್ದೆ. ವಿಮರ್ಶಕರು ಅದರಲ್ಲಿ ಮೂರೇ ಸಾಲು ಉಳಿಸಿ, ಮಿಕ್ಕದ್ದನ್ನೆಲ್ಲ ಕತ್ತರಿಸಿ, ಮೂರನೆಯ ಸಾಲಿನ ಬುಡದಲ್ಲಿ ಬರೆದಿದ್ದರು: ದೋಷ ಬಂದಾಗ ಇಲ್ಲಿಂದ ಮ್ಯುಟೆಕ್ಸ್ (ಕೋಡಿನಲ್ಲಿ ಹಾಕುವ ಒಂದು ಬಗೆಯ ಬೀಗ) ಬಿಡದೆಯೇ ಹಿಂತಿರುಗುತ್ತಿದ್ದೀರಿ. ತಪ್ಪು ಕಣ್ಣಿಗೆ ಹೊಡೆದಂತೆ ಕಂಡಿತು. ನನ್ನನ್ನು ಅವರು ಏನೂ ಅಂದಿರಲಿಲ್ಲ, ಸಾಲಿನ ಬಗ್ಗೆ ಮಾತ್ರ ಹೇಳಿದ್ದರು.

ಕಚೇರಿಯ ಪತ್ರಗಳನ್ನೂ ಇದರಲ್ಲೇ ಓದತೊಡಗಿದ ಮೇಲೆ ಬೇಸರ ಶುರುವಾಯಿತು. ನೆತ್ತಿಯ ಮೇಲೆ ‘ಸರಿಪಡಿಸಿ’ ಎಂಬ ಒಂದೇ ಪದ, ಕೆಳಗೆ ಹನ್ನೊಂದು ಹಳೆಯ ಪತ್ರಗಳ ಮೂಟೆ. ಯಾವ ಸಾಲನ್ನು? ಏಕೆ? ಹಳೆಯ ಸಾಲುಗಳ ಮುಂದೆ ‘>’ ಎಂಬ ಉಲ್ಲೇಖ ಚಿಹ್ನೆಯೇ ಇಲ್ಲದ್ದರಿಂದ ಟಿ ಒತ್ತಿದರೂ ಏನೂ ಮರೆಯಾಗುವುದಿಲ್ಲ. ಉತ್ತರಿಸುವಾಗ ಸಂದರ್ಭಕ್ಕೆ ಬೇಕಾದಷ್ಟನ್ನೇ ಉಳಿಸಿಕೊಳ್ಳಿ ಎಂದು ಇಂಟರ್ನೆಟ್ ಶಿಷ್ಟಾಚಾರದ ಮಾರ್ಗಸೂಚಿಯಾದ ಆರ್‌ಎಫ್‌ಸಿ 1855 ಹೇಳಿದ್ದು 1995ರಲ್ಲಿ. ಮೈಕೇಲ್ ಎಲ್ಕಿನ್ಸ್ ಮಟ್ ಬರೆದದ್ದೂ ಅದೇ ವರ್ಷ. ಬರೆಯುವವರು ಉಳಿಸಿಕೊಂಡ ಒಂದು ನಿಮಿಷಕ್ಕೆ ಓದುವ ಹತ್ತು ಜನ ಬೆಲೆ ತೆರಬೇಕಾಗುವುದು ನನಗೆ ಇವತ್ತಿಗೂ ಸಹಿಸಲಾಗದು.

ಮಟ್‌ನಲ್ಲೂ ಕೊರತೆಯಿದೆ. ನನ್ನ ಟರ್ಮಿನಲ್‌ನಲ್ಲಿ (ಮಟ್ ಓಡುವ, ಪಠ್ಯವಷ್ಟೇ ಕಾಣುವ ಕಿಟಕಿ) ಕನ್ನಡದ ಒತ್ತಕ್ಷರಗಳು ಚೆದುರಿಹೋಗುತ್ತವೆ. ಸಾಗರದ ಗೆಳೆಯನ ಪತ್ರವನ್ನು ಫೋನಿನಲ್ಲೇ ಓದುತ್ತೇನೆ. ಚಿತ್ರ, ಬಣ್ಣ ತುಂಬಿದ ಪತ್ರಗಳೇ ಹೆಚ್ಚು ಬರುವವರಿಗೆ ಇದು ಬೇಡ.

ಕಚೇರಿಯ ಪತ್ರಗಳಿಗೂ ಈಗ ಬೇಕಾದ ಎರಡು ಸಾಲನ್ನಷ್ಟೇ ಇಟ್ಟು ಅದರ ಕೆಳಗೆ ಉತ್ತರಿಸುತ್ತೇನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಳೆದ ತಿಂಗಳಿಂದ ಹಾಗೆಯೇ ಬರೆಯುತ್ತಿದ್ದಾಳೆ, ಸಾದಾ ಪಠ್ಯದಲ್ಲಿ. ಅವಳ ಪತ್ರಗಳಲ್ಲಿ ಟಿ ಕೆಲಸ ಮಾಡುತ್ತದೆ.