ಬಯೊನೆಟ್ ಗುರುತಿಸಲು ಯಾವುದನ್ನು ನಂಬಬೇಕು: ಅಚ್ಚೋ, ಅಳತೆಯೋ, ಆಕಾರವೋ?

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಒಮ್ಮೊಮ್ಮೆ ಬಯೊನೆಟ್, ಅಂದರೆ ರೈಫಲ್ಲಿನ ತುದಿಗೆ ಸಿಕ್ಕಿಸುವ ಚೂಪು ಆಯುಧ, ಸಿಗುತ್ತದೆ. "ಅಜ್ಜ ಮಿಲಿಟರೀಲಿದ್ದಾಗಿಂದು" ಅನ್ನುತ್ತಾರೆ ಮನೆಯವರು. ಅದು ಯಾವ ಮಾದರಿ ಅಂತ ತಿಳಿಯಲು ಮೂರು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ. ಮೂರಕ್ಕೂ ಒಂದೇ ತೂಕ ಇಲ್ಲ.

ಹೆಚ್ಚಿನವರು ಮೊದಲು ಅಚ್ಚು, ಅಂದರೆ ಲೋಹಕ್ಕೆ ಒತ್ತಿದ ಗುರುತು, ಹುಡುಕುತ್ತಾರೆ. ತ್ರೀ ನಾಟ್ ತ್ರೀ ರೈಫಲ್ಲಿನ 1907ರ ಮಾದರಿಯಾದರೆ ಅಲಗಿನ ಬುಡದಲ್ಲಿ ಕಿರೀಟ, 1907 ಅನ್ನುವ ಅಂಕಿ, ತಯಾರಾದ ತಿಂಗಳು ಮತ್ತು ವರ್ಷ, ವಿಲ್ಕಿನ್ಸನ್, ಸ್ಯಾಂಡರ್ಸನ್ ತರದ ತಯಾರಕರ ಹೆಸರು ಇರುತ್ತವೆ. 1907 ಮಾದರಿಯ ವರ್ಷ, ತಯಾರಾದ ವರ್ಷ ಅಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಅಕ್ಷರ ಮುಚ್ಚಿಹೋಗಿರುವುದೇ ಜಾಸ್ತಿ. ದಯವಿಟ್ಟು ಉಪ್ಪುಕಾಗದ ಹಾಕಿ ಉಜ್ಜಬೇಡಿ, ತುಕ್ಕಿನ ಜೊತೆ ಅಚ್ಚೂ ಹೋಗುತ್ತದೆ. ಮಷಿನ್ ಎಣ್ಣೆ ಸವರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ.

ಟೇಪ್ ಹಿಡಿಯುವುದು ಸುಲಭ. ಅಲಗು 17 ಇಂಚು ಇದ್ದರೆ ಮೂಲ 1907ರ ಮಾದರಿ ಇರಬಹುದು. 12 ಇಂಚು ಬಂದರೆ ಭಾರತದಲ್ಲಿ ಚಿಕ್ಕದು ಮಾಡಿದ ಮಾದರಿ ಇರಬಹುದು. ಅಲಗೇ ಇಲ್ಲದೆ 8 ಇಂಚಿನ ಚೂಪು ಸರಳು ಇದ್ದರೆ ಅದು ಆಮೇಲೆ ಬಂದ ನಂಬರ್ 4 ಅನ್ನುವ ರೈಫಲ್ಲಿನದು. ಆದರೆ ಅಳತೆಯನ್ನೊಂದೇ ನಂಬಿ ಕೂರುವಂತಿಲ್ಲ. ಊರಿನ ಕುಲುಮೆಯಲ್ಲಿ ತುಂಡು ಮಾಡಿಸಿ ಕತ್ತಿ ಮಾಡಿಕೊಂಡದ್ದೂ 12 ಇಂಚು ಬರಬಹುದಲ್ವಾ?

ಅದಕ್ಕೇ ನನ್ನ ಮತ ಆಕಾರಕ್ಕೆ. ಅಲಗಿನ ಉದ್ದಕ್ಕೂ ಇರುವ ತೋಡನ್ನು ಮೊದಲು ನೋಡಿ. 17 ಇಂಚಿನದನ್ನು ಕತ್ತರಿಸಿ ಮಾಡಿದ 12 ಇಂಚಿನದರಲ್ಲಿ ತೋಡು ಹೆಚ್ಚು ಕಡಿಮೆ ಮೊನೆಯವರೆಗೂ ಹೋಗುತ್ತದೆ. ಹೊಸದಾಗಿ 12 ಇಂಚಿಗೇ ಮಾಡಿದ ಭಾರತದ ಮಾರ್ಕ್ 2 ಅನ್ನುವ ಮಾದರಿಯಲ್ಲಿ ತೋಡೇ ಇಲ್ಲ, ಅಲಗು ಚಪ್ಪಟೆ. ಇನ್ನು ಹಿಡಿಯ ಅಡ್ಡಪಟ್ಟಿ. ಅದರ ಕೆಳತುದಿ ಕೊಕ್ಕೆಯಂತೆ ಬಾಗಿದ್ದರೆ ನಿಮ್ಮ ಕೈಯಲ್ಲಿರುವುದು ಅಪರೂಪದ್ದು. 1913ರಲ್ಲಿ ಈ ಕೊಕ್ಕೆ ಕೈಬಿಟ್ಟರು, ಮೊದಲೇ ಇದ್ದವುಗಳಲ್ಲೂ ಬಹಳಷ್ಟನ್ನು ಕತ್ತರಿಸಿ ತೆಗೆದರು. ಹಿಡಿಯ ಹಿಂತುದಿಯಲ್ಲಿ ಕಸ ಹೊರಹೋಗಲು ಇರುವ ಸಣ್ಣ ತೂತು ಆಮೇಲೆ ಬಂದದ್ದು. ಕೊಕ್ಕೆ ಇದ್ದು ತೂತು ಇಲ್ಲದ್ದು ಸಿಕ್ಕರೆ ಜೋಪಾನ ಮಾಡಿ.

ಹಿಡಿಯ ಮರದ ಮೇಲೆ ಅಡ್ಡಕ್ಕೆ ಎರಡು ಗೀರು ಕೊರೆದಿದ್ದರೆ ಅದು 1907 ಅಲ್ಲವೇ ಅಲ್ಲ, 1913ರ ಮಾದರಿ. ಅಲಗು ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ರೈಫಲ್ ಬೇರೆ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಆಯುಧಾಗಾರದಲ್ಲಿ ಅದಲುಬದಲಾಗದಿರಲಿ ಅಂತಲೇ ಆ ಗೀರು ಹಾಕಿದ್ದು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಒರೆಯನ್ನು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಂದರ ಒರೆ ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತದೆ. ಅಂದಹಾಗೆ, 9 ಇಂಚಿಗಿಂತ ಉದ್ದದ ಬಯೊನೆಟ್ ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿದೆ. ಕೊಳ್ಳುವ, ಮಾರುವ ಮೊದಲು ಠಾಣೆಯಲ್ಲಿ ವಿಚಾರಿಸಿ.